ವೆಬ್‌ಸೈಟ್ ತೆರೆದರೆ ಚಕ್ಕರ್ ಬರುತ್ತದೆ, ಬೇರೆ ಯಾರಿಗಾದರೂ ಹೀಗಾಗುತ್ತಾ?

ಸೇಡಂ ರಸ್ತೆ ಟೀಚರ್ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಹೇಗೆ ಕೇಳಬೇಕೋ ಗೊತ್ತಾಗುತ್ತಿಲ್ಲ, ಆದರೂ ಕೇಳುತ್ತೇನೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಚಕ್ಕರ್ ಬಂತು. ಹಾಸಿಗೆಯಿಂದ ಏಳಲು ಆಗಲಿಲ್ಲ. ಇಡೀ ಮನೆ ಗರಗರ ತಿರುಗುತ್ತಿತ್ತು. ಮೂರು ದಿನ ವಾಂತಿ. ಒಳಕಿವಿಯ ನರಕ್ಕೆ ಬಾವು ಬಂದಿದೆ ಎಂದರು ಡಾಕ್ಟರು. ಗುಳಿಗೆ, ವ್ಯಾಯಾಮ ಎಲ್ಲ ಆಯಿತು. ಈಗ ನಡೆಯುತ್ತೇನೆ, ಪಾಠ ಮಾಡುತ್ತೇನೆ, ಸ್ಕೂಟಿ ಓಡಿಸುತ್ತೇನೆ. ಆದರೆ ಒಂದು ಉಳಿದುಬಿಟ್ಟಿದೆ. ಪರದೆ ಮೇಲೆ ದೊಡ್ಡದೇನಾದರೂ ಜಾರಿದರೆ ತಡೆಯುವುದಿಲ್ಲ.

ಕಳೆದ ವಾರ ಮಗಳ ಅಡ್ಮಿಷನ್ ಅರ್ಜಿ ತುಂಬಲು ಕೂತೆ. ಒಂದು ಕಾಲೇಜಿನ ವೆಬ್‌ಸೈಟ್. ತೆರೆದ ಕೂಡಲೇ ಪರದೆ ತುಂಬ ಇದ್ದ ಫೋಟೋ ಎಡಕ್ಕೆ ಜಾರಿತು, ಬೆನ್ನಿಗೇ ಇನ್ನೊಂದು ಬಂತು. ಮೇಲೆ ಕೆಂಪು ಅಕ್ಷರದ ಸಾಲು ಓಡುತ್ತಿತ್ತು. ಕೆಳಗೆ ಸರಿಸಿದರೆ ಹಿಂದಿನ ಕಟ್ಟಡದ ಚಿತ್ರ ನಿಧಾನ, ಮುಂದಿನ ಅಕ್ಷರ ಜೋರು. ಒಂದೊಂದು ಡಬ್ಬಿಯೂ ಪಕ್ಕದಿಂದ ಹಾರಿ ಬಂದು ಕೂರುತ್ತಿತ್ತು. ಅರ್ಜಿಯ ಬಟನ್ ಹುಡುಕುವಷ್ಟರಲ್ಲಿ ಮೈಯೆಲ್ಲ ಬೆವರಿತು. ಬಚ್ಚಲಿಗೆ ಓಡಿದೆ. ಸಂಜೆತನಕ ಮಲಗಿದ್ದೆ. ಅರ್ಜಿ ಮಗಳೇ ತುಂಬಿದಳು.

ಬೇರೆ ಯಾರಿಗಾದರೂ ಹೀಗಾಗುತ್ತಾ? ಇದನ್ನು ನಿಲ್ಲಿಸಲು ದಾರಿ ಇದೆಯಾ? ಮನೆಯವರು "ಫೋನ್ ಜಾಸ್ತಿ ನೋಡಬೇಡ" ಎನ್ನುತ್ತಾರೆ. ನಾನು ಜಾಸ್ತಿ ನೋಡುತ್ತಿರಲಿಲ್ಲ. ಅರ್ಜಿ ತುಂಬುತ್ತಿದ್ದೆ.

ಶಹಾಪುರ ಹುಡುಗ

ಕಣ್ಣು ತೋರಿಸಿ ಮೇಡಂ. ನಂಬರ್ ಬದಲಾಗಿರುತ್ತದೆ.

ಸೇಡಂ ರಸ್ತೆ ಟೀಚರ್

ತೋರಿಸಿದೆ. ನಂಬರ್ ಅದೇ ಇದೆ. ಪುಸ್ತಕ ಎರಡು ತಾಸು ಓದಿದರೂ ಏನೂ ಆಗುವುದಿಲ್ಲ.

ಆಳಂದ ಕಾಕಾ

ಬಿಪಿ, ಶುಗರ್ ಚೆಕ್ ಮಾಡಿಸಿ ತಾಯಿ. ನಿಶ್ಶಕ್ತಿಗೂ ಹೀಗೆ ಆಗುತ್ತದೆ. ಈ ಬಿಸಿಲಲ್ಲಿ ನೀರು ಸಾಲದಿದ್ದರೆ ನಮಗೇ ತಲೆ ತಿರುಗುತ್ತದೆ. ನಿಂಬೆಹಣ್ಣಿನ ಶರಬತ್ತು, ಮಜ್ಜಿಗೆ ತಪ್ಪಿಸಬೇಡಿ.

ವಾಡಿ ಜಂಕ್ಷನ್

ಕಾಕಾ, ಇದು ಬಿಸಿಲಿಂದಲ್ಲ. ವಾಡಿ ಸ್ಟೇಷನ್ನಿನಲ್ಲಿ ಕಿಟಕಿ ಪಕ್ಕ ಕೂತಿರಿ ಅಂದುಕೊಳ್ಳಿ. ಪಕ್ಕದ ಲೈನಿನ ಗಾಡಿ ಹೊರಟರೆ ನಮ್ಮ ಗಾಡಿಯೇ ಹೊರಟಂತೆ ಆಗುತ್ತದೆ ಅಲ್ವಾ? ಮೈ ಒಂದು ಕ್ಷಣ ಗಟ್ಟಿಯಾಗುತ್ತದೆ. ಪ್ಲಾಟ್‌ಫಾರಂ ಕಂಬ ನೋಡಿದ ಮೇಲೆ ಸಮಾಧಾನ. ಅಕ್ಕನಿಗೆ ಆ ಕಂಬ ಸಿಗುತ್ತಿಲ್ಲ, ಪರದೆಯೆಲ್ಲ ಓಡುತ್ತಿದೆ.

ಕಿವಿ ವಿಭಾಗ (ಬೀದರ್)

ವಾಡಿ ಅವರು ಸರಿಯಾಗಿ ಹೇಳಿದ್ದಾರೆ. ನಾನು ಕಿವಿ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ, ಇಂಥವರನ್ನು ಆಗಾಗ ನೋಡುತ್ತೇನೆ.

ಒಳಕಿವಿಯಲ್ಲಿ ಕೇಳಿಸುವ ಭಾಗದ ಜೊತೆಗೇ ತೋಲ ಹಿಡಿಯುವ ಭಾಗವೂ ಇದೆ. ಅರ್ಧ ಬಳೆಯಂಥ ಮೂರು ಕೊಳವೆ, ಒಳಗೆ ದ್ರವ. ತಲೆ ತಿರುಗಿಸಿದಾಗ ಆ ದ್ರವ ಅಲುಗಿ ಮಿದುಳಿಗೆ ಸುದ್ದಿ ಹೋಗುತ್ತದೆ. ಕಣ್ಣಿನಿಂದಲೂ ಸುದ್ದಿ ಬರುತ್ತದೆ, ಪಾದ ಮತ್ತು ಸ್ನಾಯುಗಳಿಂದಲೂ ಬರುತ್ತದೆ. ಮೂರೂ ಒಂದೇ ಮಾತು ಹೇಳಿದರೆ ನಾವು ನೆಟ್ಟಗೆ ನಿಲ್ಲುತ್ತೇವೆ. ಕಿವಿಯ ಸುದ್ದಿ ಮಂಕಾದಾಗ ಮಿದುಳು ಕಣ್ಣನ್ನೇ ಜಾಸ್ತಿ ನಂಬುತ್ತದೆ. ಆಗ ಪರದೆಯಲ್ಲಿ ದೊಡ್ಡ ಚಿತ್ರ ಜಾರಿದರೆ ಕಣ್ಣು "ನೀನು ಚಲಿಸುತ್ತಿದ್ದೀಯ" ಎನ್ನುತ್ತದೆ, ಕಾಲು "ಇಲ್ಲ, ಕೂತಿದ್ದೀಯ" ಎನ್ನುತ್ತದೆ. ಈ ಜಗಳದಿಂದಲೇ ಓಕರಿಕೆ, ಬೆವರು, ತಲೆಸುತ್ತು.

ಕಣ್ಣಿನ ಎಷ್ಟು ಜಾಗ ತುಂಬುತ್ತದೆ ಎನ್ನುವುದು ಬಹಳ ಮುಖ್ಯ. ಮೂಲೆಯಲ್ಲಿ ತಿರುಗುವ ಚಿಕ್ಕ ಚಕ್ರ ಎಷ್ಟೋ ಜನಕ್ಕೆ ನಡೆಯುತ್ತದೆ. ಪರದೆ ತುಂಬ ಹಿಗ್ಗುವುದು, ತಿರುಗುವುದು, ಹಿಂದಿನದು ಒಂದು ವೇಗ ಮುಂದಿನದು ಒಂದು ವೇಗ, ಇವು ಕೆಟ್ಟವು. ಸದ್ಯಕ್ಕೆ ದೊಡ್ಡ ಪರದೆ ಬೇಡ. ಕಂಪ್ಯೂಟರ್ ಆದರೆ ವಿಂಡೋ ಚಿಕ್ಕದು ಮಾಡಿಕೊಳ್ಳಿ, ಸ್ವಲ್ಪ ದೂರ ಕೂರಿ, ಕೋಣೆಯ ದೀಪ ಹಾಕಿರಲಿ. ಶುರುವಾದ ಕೂಡಲೇ ಕಣ್ಣು ತೆಗೆದು ಗೋಡೆಯ ಮೇಲಿನ ನಿಂತ ವಸ್ತು ನೋಡಿ. ಬಿಗಿಹಿಡಿದು ಮುಂದುವರಿಸಬೇಡಿ, ಹಾಗೆ ಮಾಡಿದವರು ಆ ದಿನವಿಡೀ ನರಳುತ್ತಾರೆ.

ಹುಮನಾಬಾದ್ ಅಣ್ಣ

ನನಗೆ ಮಗ್ಗುಲು ಬದಲಿಸಿದರೆ ಚಕ್ಕರ್ ಬರುತ್ತಿತ್ತು. ಡಾಕ್ಟರು ತಲೆ ಆಚೆ ಈಚೆ ತಿರುಗಿಸಿ ಮಲಗಿಸಿದರು, ಹೋಯಿತು. ಅಕ್ಕನೂ ಅದನ್ನೇ ಮಾಡಿಸಬಹುದಲ್ಲ.

ಕಿವಿ ವಿಭಾಗ (ಬೀದರ್)

ಅಣ್ಣ, ಅದು ಬೇರೆ. ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಕೊಳವೆಗೆ ಬಿದ್ದರೆ ನಿಮ್ಮ ತರಹದ ಚಕ್ಕರ್. ನಿಮಗೆ ಮಾಡಿದ್ದು ಎಪ್ಲಿ ವಿಧಾನ, ಹರಳನ್ನು ವಾಪಸ್ ಜಾಗಕ್ಕೆ ತರುವುದು. ಅಕ್ಕನದು ನರದ ತೊಂದರೆ, ಅದಕ್ಕೆ ತೋಲದ ವ್ಯಾಯಾಮವೇ ದಾರಿ. ಕೆಲವರಿಗೆ ಮೈಗ್ರೇನ್‌ನಿಂದಲೂ ಪರದೆಯ ಚಲನೆ ಆಗುವುದಿಲ್ಲ. ಮನೆಯಲ್ಲಿ ವಿಡಿಯೋ ನೋಡಿ ಯಾರೂ ಕತ್ತು ತಿರುಗಿಸಬೇಡಿ, ದಯವಿಟ್ಟು.

ಯಾದಗಿರಿ ಸ್ಟೂಡೆಂಟ್

ನನಗೆ ಮೈಗ್ರೇನ್. ಈ ಚರ್ಚೆ ಓದಿ ಸಮಾಧಾನವಾಯಿತು. ಹಾಸ್ಟೆಲ್‌ನಲ್ಲಿ ಹೇಳಿದರೆ "ನಾಟಕ" ಎನ್ನುತ್ತಾರೆ. ಸುದ್ದಿ ಓದಲು ಹೋದರೆ ಮೂಲೆಯಲ್ಲಿ ವಿಡಿಯೋ ತಾನಾಗಿಯೇ ಶುರು. ಕೆಳಗೆ ಹೋದರೆ ಅದೂ ಹಿಂದೆಯೇ ಬರುತ್ತದೆ. ಅದನ್ನು ಮುಚ್ಚುವ ಗುರುತು ಹುಡುಕುವುದೇ ಒಂದು ಪರೀಕ್ಷೆ.

ಬೀದರ್ ವೆಬ್

ನಾನು ವೆಬ್‌ಸೈಟ್ ಮಾಡುವವನು. ಶಾಲೆ, ಕಾಲೇಜು, ಮದುವೆ ಹಾಲ್, ಬಿದ್ರಿ ಸಾಮಾನಿನ ಅಂಗಡಿ, ಎಲ್ಲ ಮಾಡಿದ್ದೇನೆ. ನಮ್ಮ ಕಡೆಯಿಂದಲೂ ಒಂದು ಮಾತು ಕೇಳಿ. ಗಿರಾಕಿ ಬಂದ ಕೂಡಲೇ ಕೇಳುವುದು "ಏನಾದರೂ ಮೂವಿಂಗ್ ಇಡಿ" ಎಂದು. ನಿಂತ ಪೇಜ್ ತೋರಿಸಿದರೆ "ಇದಕ್ಕೆ ಇಷ್ಟು ದುಡ್ಡಾ?" ಎನ್ನುತ್ತಾರೆ. ಯಾರೋ ಒಬ್ಬಿಬ್ಬರಿಗೆ ತೊಂದರೆ ಎಂದು ಎಲ್ಲರಿಗೂ ಸಪ್ಪೆ ಪೇಜ್ ಕೊಡಲು ಆಗುತ್ತಾ? ಚಲನೆ ಇದ್ದರೆ ಜನ ನೋಡುತ್ತಾರೆ.

ಸೇಡಂ ರಸ್ತೆ ಟೀಚರ್

ತಮ್ಮಾ, ನಿನ್ನ ಹೊಟ್ಟೆಪಾಡು ನನಗೆ ಅರ್ಥವಾಗುತ್ತದೆ. ಆದರೆ ಎಲ್ಲರಿಗೂ ಸಪ್ಪೆ ಮಾಡು ಎಂದು ನಾನು ಕೇಳಲೇ ಇಲ್ಲ. ಮನೆಯ ಫ್ಯಾನಿಗೆ ರೆಗ್ಯುಲೇಟರ್ ಇರುತ್ತದೆ. ಮೇ ತಿಂಗಳಲ್ಲಿ ಐದಕ್ಕೆ ತಿರುಗಿಸುತ್ತೇವೆ, ಜ್ವರ ಬಂದವರು ಮಲಗಿದ್ದರೆ ಒಂದಕ್ಕೆ ಇಳಿಸುತ್ತೇವೆ. ನಾನು ಕೇಳುತ್ತಿರುವುದು ಆ ರೆಗ್ಯುಲೇಟರ್.

ಇನ್ನೊಂದು. ಜನ ನೋಡುತ್ತಾರೆ ಎಂದೆ. ನಾನು ನೋಡಲಿಲ್ಲ, ಎದ್ದು ಓಡಿದೆ.

ಮೊಬೈಲ್ ರಿಪೇರಿ (ಸೂಪರ್ ಮಾರ್ಕೆಟ್)

ರೆಗ್ಯುಲೇಟರ್ ಫೋನಿನಲ್ಲೇ ಇದೆ ಅಕ್ಕಾ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್, ಅಕ್ಸೆಸಿಬಿಲಿಟಿ, ಅಲ್ಲಿ ರಿಮೂವ್ ಆ್ಯನಿಮೇಷನ್ಸ್ ಎಂದು ಇರುತ್ತದೆ. ಕಂಪನಿ ಪ್ರಕಾರ ಒಂದೆರಡು ಮೆನು ಆಚೀಚೆ ಇರಬಹುದು, ಸಿಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಆ ಹೆಸರು ಬರೆದು ಹುಡುಕಿ. ಐಫೋನ್ ಆದರೆ ಅಕ್ಸೆಸಿಬಿಲಿಟಿ, ಮೋಷನ್, ರಿಡ್ಯೂಸ್ ಮೋಷನ್. ವಿಂಡೋಸ್ 11ರಲ್ಲಿ ಅಕ್ಸೆಸಿಬಿಲಿಟಿ, ವಿಶುವಲ್ ಎಫೆಕ್ಟ್ಸ್, ಆ್ಯನಿಮೇಷನ್ ಎಫೆಕ್ಟ್ಸ್ ಆಫ್. ಯೂಟ್ಯೂಬ್ ಆ್ಯಪ್‌ನಲ್ಲಿ ಪಟ್ಟಿ ಸರಿಸುವಾಗ ವಿಡಿಯೋ ತಾನೇ ಓಡುತ್ತದಲ್ಲ, ಅದಕ್ಕೆ ಪ್ಲೇಬ್ಯಾಕ್ ಇನ್ ಫೀಡ್ಸ್ ಎಂಬುದನ್ನು ಆಫ್ ಮಾಡಿ.

ಅಂಗಡಿಗೆ ಬಂದರೆ ಮಾಡಿಕೊಡುತ್ತೇನೆ, ದುಡ್ಡೇನೂ ಬೇಡ.

ಸೇಡಂ ರಸ್ತೆ ಟೀಚರ್

ಮಾಡಿದೆ! ಫೋನಿನ ಒಳಗಿನ ಜಾರಾಟ ನಿಂತಿತು, ಬಹಳ ಆರಾಮ. ಆದರೆ ಆ ಕಾಲೇಜಿನ ಪೇಜ್ ಹಾಗೆಯೇ ಓಡುತ್ತಿದೆ. ಫೋಟೋನೂ, ಕೆಂಪು ಸಾಲೂ.

ಪುಣೆಯಿಂದ ಕಲಬುರಗಿಯವನು

ಅದು ನಿಲ್ಲದಿರುವುದಕ್ಕೆ ಕಾರಣ ಇದೆ. ಫೋನ್ ತನ್ನ ಕೆಲಸ ಮಾಡಿದೆ, "ಇವರಿಗೆ ಚಲನೆ ಕಡಿಮೆ ಬೇಕು" ಎಂದು ಬ್ರೌಸರ್‌ಗೆ ಹೇಳಿದೆ. ಬ್ರೌಸರ್ ಆ ಮಾತನ್ನು ಹಿಡಿದುಕೊಂಡು ಕಾಯುತ್ತದೆ. ವೆಬ್‌ಸೈಟ್ ಅದನ್ನು ಕೇಳಬೇಕು. ಕೇಳುವ ವಿಧಾನದ ಹೆಸರು ಪ್ರಿಫರ್ಸ್ ರಿಡ್ಯೂಸ್ಡ್ ಮೋಷನ್. ಪೇಜ್ ಹೇಗೆ ಕಾಣಬೇಕು ಎಂದು ಹೇಳುವ ಕೋಡ್, ಸಿಎಸ್‌ಎಸ್, ಅದರಲ್ಲಿ ಒಂದು ಷರತ್ತು ಬರೆದರೆ ಆಯಿತು. ಇದೇನು ಹೊಸದಲ್ಲ. ಸಫಾರಿಗೆ 2017ರಲ್ಲಿ ಬಂತು, ಫೈರ್‌ಫಾಕ್ಸ್‌ಗೆ 2018ರಲ್ಲಿ, ಕ್ರೋಮ್‌ಗೆ 2019ರಲ್ಲಿ.

ಅದು ಹುಟ್ಟಿದ ಹಿನ್ನೆಲೆಯೂ ಟೀಚರ್ ಅಕ್ಕನ ಕಥೆಯೇ. 2013ರಲ್ಲಿ ಐಫೋನಿಗೆ ಐಓಎಸ್ 7 ಬಂದಾಗ ಆ್ಯಪ್ ತೆರೆದರೆ ಪರದೆ ಒಳಕ್ಕೆ ಎಳೆದುಕೊಂಡು ಹೋದಂತೆ ಆಗುತ್ತಿತ್ತು. ಜನ ತಲೆಸುತ್ತು, ಓಕರಿಕೆ ಎಂದು ದೂರಿದರು. ಕೆಲವೇ ವಾರದಲ್ಲಿ, 7.0.3 ಅಪ್‌ಡೇಟ್‌ನಲ್ಲಿ, ರಿಡ್ಯೂಸ್ ಮೋಷನ್ ಹಾಕಿದವರಿಗೆ ಆ ಎಳೆತದ ಬದಲು ಮೆಲ್ಲಗೆ ಮಸುಕಾಗಿ ಬದಲಾಗುವ ಹಾಗೆ ಮಾಡಿದರು. ಅಷ್ಟು ದೊಡ್ಡ ಕಂಪನಿ ಜನರ ಮಾತಿಗೆ ಬದಲಾಯಿಸಿತು. ನಮ್ಮ ಕಾಲೇಜು ವೆಬ್‌ಸೈಟ್‌ಗೆ ಏನು ಕಷ್ಟ?

ಬೀದರ್ ವೆಬ್

ಷರತ್ತು ಗೊತ್ತಿದೆ ಸರ್. ಆದರೆ ಅದು ಕಡ್ಡಾಯ ಅಲ್ಲ. ವೆಬ್‌ಸೈಟ್ ಎಲ್ಲರಿಗೂ ಬಳಸಲು ಆಗುವಂತೆ ಮಾಡುವ ಅಂತರರಾಷ್ಟ್ರೀಯ ನಿಯಮಾವಳಿ ಡಬ್ಲ್ಯುಸಿಎಜಿ, ಅದರಲ್ಲಿ ಇದರ ನಿಯಮ 2.3.3, ಅದು ಟ್ರಿಪಲ್ ಎ, ಎಲ್ಲಕ್ಕಿಂತ ಮೇಲಿನ ಮಟ್ಟ. ಟ್ರಿಪಲ್ ಎ ಯಾರೂ ಕೇಳುವುದಿಲ್ಲ.

ಪುಣೆಯಿಂದ ಕಲಬುರಗಿಯವನು

ಅರ್ಧ ಸರಿ. 2.3.3 ಇರುವುದು ನಾವು ಒತ್ತಿದಾಗ, ಸರಿಸಿದಾಗ ಹುಟ್ಟುವ ಚಲನೆಗೆ. 2018ರಲ್ಲಿ 2.1 ಆವೃತ್ತಿಯಲ್ಲಿ ಬಂತು, ಮಟ್ಟ ಟ್ರಿಪಲ್ ಎ, ಒಪ್ಪುತ್ತೇನೆ. ಆದರೆ ತಾನಾಗಿಯೇ ಓಡುವ ಫೋಟೋ ಮತ್ತು ಸಾಲಿಗೆ ನಿಯಮ 2.2.2. ತಾನಾಗಿ ಶುರುವಾಗಿ ಐದು ಸೆಕೆಂಡಿಗಿಂತ ಜಾಸ್ತಿ ಓಡುವುದು, ಪಕ್ಕದಲ್ಲಿ ಬೇರೆ ವಿಷಯವೂ ಇರುವುದು, ಹಾಗಿದ್ದರೆ ನಿಲ್ಲಿಸುವ ಅಥವಾ ಮರೆಮಾಡುವ ದಾರಿ ಕೊಡಲೇಬೇಕು. ಅದು ಎ ಮಟ್ಟ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. 2008ರ 2.0 ಆವೃತ್ತಿಯಿಂದಲೂ ಇದೆ. ನೀನು ಮಾಡಿದ ಎಷ್ಟು ಪೇಜಿನಲ್ಲಿ ನಿಲ್ಲಿಸುವ ಬಟನ್ ಇದೆ?

ಬೀದರ್ ವೆಬ್

ನಿಜ ಹೇಳುತ್ತೇನೆ. ಒಂದರಲ್ಲೂ ಇಲ್ಲ.

ಕೋರ್ಟ್ ರಸ್ತೆ ವಕೀಲ

ಕಾನೂನಿನ ಮಾತು ಬಂತು, ಹೇಳುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಟ್ಟಡದ ಜೊತೆ ಮಾಹಿತಿ ತಂತ್ರಜ್ಞಾನವನ್ನೂ ಸೇರಿಸಿದೆ. ಸರ್ಕಾರಿ ವೆಬ್‌ಸೈಟ್‌ಗಳಿಗೆ ಪ್ರತ್ಯೇಕ ಮಾರ್ಗಸೂಚಿ ಇದೆ. ಅದರ 2023ರ ಮೂರನೇ ಆವೃತ್ತಿ ಡಬ್ಲ್ಯುಸಿಎಜಿ 2.1ರ ಡಬಲ್ ಎ ಮಟ್ಟ ಕೇಳುತ್ತದೆ. ಡಬಲ್ ಎ ಎಂದರೆ ಅದರ ಕೆಳಗಿನ ಎ ಕೂಡ ಬಂತು. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಮಾನದಂಡಗಳನ್ನು ಬರೀ ಸಲಹೆಯಾಗಿ ಬಿಡುವಂತಿಲ್ಲ, ಕಡ್ಡಾಯ ನಿಯಮ ಮಾಡಿ ಎಂದು ಸರ್ಕಾರಕ್ಕೆ ಹೇಳಿತು. 2025ರ ಏಪ್ರಿಲ್ 30ರಂದು ಇನ್ನೊಂದು ತೀರ್ಪು ಬಂತು. ಆ್ಯಸಿಡ್ ದಾಳಿಗೆ ಒಳಗಾದವರು, ಕಣ್ಣು ಕಾಣದವರು ಬ್ಯಾಂಕಿನ ಕೆವೈಸಿ ಮಾಡಲು ಆಗದೆ ಕೋರ್ಟಿಗೆ ಹೋಗಿದ್ದರು. ಡಿಜಿಟಲ್ ಸೌಲಭ್ಯ ಸಿಗುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು ಕೋರ್ಟು.

ಸೇಡಂ ರಸ್ತೆ ಟೀಚರ್

ವಕೀಲರೇ, ಧನ್ಯವಾದ. ಆದರೆ ನಾನು ಅಂಗವಿಕಲೆ ಅಲ್ಲ. ಕಾರ್ಡು ಇಲ್ಲ, ಕೇಳುವ ಮನಸ್ಸೂ ಇಲ್ಲ. ನಿಜವಾಗಿ ಕಷ್ಟದಲ್ಲಿರುವವರ ಪಾಲನ್ನು ಕೇಳಿದಂತೆ ಆಗುತ್ತದೆ.

ಕೋರ್ಟ್ ರಸ್ತೆ ವಕೀಲ

ಮೇಡಂ, ಕಾರ್ಡು ಬೇಕಾಗುವುದು ಮೀಸಲಾತಿ, ಪಿಂಚಣಿಯಂಥವಕ್ಕೆ. ಅಲ್ಲಿ ಶೇ. 40ರ ಲೆಕ್ಕ ಬರುತ್ತದೆ. ಕಾಯ್ದೆಯ ಪಟ್ಟಿಯಲ್ಲಿ 21 ಬಗೆ ಇವೆ, ಒಳಕಿವಿಯ ತೋಲದ ತೊಂದರೆ ಬೇರೆ ಹೆಸರಾಗಿ ಅದರಲ್ಲಿಲ್ಲ, ಅದೂ ನಿಜ. ಆದರೆ ಓಡುವ ಸಾಲಿಗೆ ನಿಲ್ಲಿಸುವ ಬಟನ್ ಇಟ್ಟರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಒತ್ತುವವರ ಕಾರ್ಡು ಅದು ಕೇಳುವುದಿಲ್ಲ.

ಚಿತ್ತಾಪುರ ತಂದೆ

ನನ್ನ ಮಗಳಿಗೆ ಫಿಟ್ಸ್ ಇದೆ. ಬೆಳಕು ಪಟಪಟ ಮಿನುಗಿದರೆ ಅವಳಿಗೆ ಬರುತ್ತದೆ. ಟೀಚರ್ ಅವರದು ಬೇರೆ ತೊಂದರೆ ಎಂದು ಗೊತ್ತು, ಆದರೂ ಇಲ್ಲೇ ಬರೆಯುತ್ತೇನೆ. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಏನೂ ಮಿನುಗಬಾರದು ಎಂದು ಅದೇ ಡಬ್ಲ್ಯುಸಿಎಜಿಯಲ್ಲಿ ನಿಯಮವಿದೆ, ಅದೂ ಎ ಮಟ್ಟ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಟಿವಿಯ ಒಂದು ಕಾರ್ಟೂನಿನಲ್ಲಿ ಕೆಂಪು ನೀಲಿ ಬೆಳಕು ಮಿನುಗಿ 600ಕ್ಕೂ ಹೆಚ್ಚು ಜನ ಆಸ್ಪತ್ರೆಗೆ ಹೋದರು, ಬಹುತೇಕ ಮಕ್ಕಳು.

ಇಂಥ ಮಕ್ಕಳಿರುವವರು ಒಂದು ನೆನಪಿಡಿ. ಇದ್ದಕ್ಕಿದ್ದಂತೆ ಮಿನುಗು ಬಂದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸಬೇಕು. ಬರೀ ಕಣ್ಣು ಮುಚ್ಚಿದರೆ ಸಾಲದು, ರೆಪ್ಪೆಯ ಮೂಲಕ ಬೆಳಕು ಒಳಗೆ ಹೋಗುತ್ತದೆ. ನನ್ನ ಮಗಳಿಗೆ ಏಳು ವರ್ಷ. ಅವಳಿಗೆ ಇದನ್ನು ಆಟದ ಹಾಗೆ ಕಲಿಸಿದ್ದೇವೆ.

ಯಾದಗಿರಿ ಸ್ಟೂಡೆಂಟ್

ಕಾಕಾ, ಮಗಳು ಆರಾಮವಾಗಿರಲಿ.

ಆಳಂದ ಕಾಕಾ

ನನಗೆ ಇದೆಲ್ಲ ಗೊತ್ತಿರಲಿಲ್ಲ. ಬೀದರ್‌ನಿಂದ ಬರುವಾಗ ನಮ್ಮ ಹೆಂಡತಿಗೆ ಬಸ್ಸಿನಲ್ಲಿ ಯಾವಾಗಲೂ ವಾಂತಿ. ಅದೂ ಇದೇನಾ?

ಹುಮನಾಬಾದ್ ಅಣ್ಣ

ಬಸ್ಸಿನಲ್ಲಿ ಮುಂದಿನ ಸೀಟು ಹಿಡಿದು ರಸ್ತೆ ನೋಡುತ್ತಾ ಕೂರಬೇಕು ಕಾಕಾ. ಫೋನ್ ನೋಡಿದರೆ ಕಮಲಾಪುರ ಬರುವುದರೊಳಗೆ ಆಯಿತು. ಶುಂಠಿ ಇಟ್ಟುಕೊಳ್ಳಿ.

ಕಿವಿ ವಿಭಾಗ (ಬೀದರ್)

ಅದೇ ಜಗಳ ಕಾಕಾ, ತಿರುಗುಮುರುಗು. ಬಸ್ಸಿನಲ್ಲಿ ಕಿವಿ "ಚಲಿಸುತ್ತಿದ್ದೇವೆ" ಎನ್ನುತ್ತದೆ, ಫೋನ್ ನೋಡುವ ಕಣ್ಣು "ಇಲ್ಲ" ಎನ್ನುತ್ತದೆ.

ಶಹಾಪುರ ಹುಡುಗ

ಶರಣಬಸವೇಶ್ವರ ಜಾತ್ರೆಯಲ್ಲಿ ದೊಡ್ಡ ತೊಟ್ಟಿಲು ಹತ್ತಿದರೆ ನನಗೆ ಎರಡು ದಿನ ಹಾಗೇ ಆಗುತ್ತದೆ. ಟೀಚರ್ ಮೇಡಂ, ಮೊದಲು "ಕಣ್ಣು ತೋರಿಸಿ" ಎಂದು ಸುಮ್ನೆ ಹೇಳಿಬಿಟ್ಟೆ. ಕ್ಷಮಿಸಿ.

ಗುರುಮಠಕಲ್ ಆನ್‌ಲೈನ್ ಸೆಂಟರ್

ಬಸ್ಸು ಬಿಡಿ, ಆ ಓಡುವ ಸಾಲಿನ ಬಗ್ಗೆ ನಾನು ಹೇಳಲೇಬೇಕು. ದಿನಕ್ಕೆ ಹತ್ತಾರು ಅರ್ಜಿ ತುಂಬುತ್ತೇನೆ. ನಮ್ಮಲ್ಲಿಗೆ ಬರುವವರಲ್ಲಿ ಅಕ್ಷರ ಕೂಡಿಸಿ ಓದುವವರು ಬಹಳ. "ಕೊನೆಯ ದಿನಾಂಕ" ಎನ್ನುವುದನ್ನು ಓದುವಷ್ಟರಲ್ಲಿ ದಿನಾಂಕ ಎಡಗಡೆ ಹೋಗಿಬಿಟ್ಟಿರುತ್ತದೆ. ಮತ್ತೆ ಅದು ಸುತ್ತು ಹೊಡೆದು ಬರುವತನಕ ಕಾಯಬೇಕು. ಬಂದ ಮೇಲೆ ಮತ್ತೆ ಅಷ್ಟೇ. ಒಬ್ಬ ಮುದುಕಪ್ಪ ನಾಲ್ಕು ಸುತ್ತು ನಿಂತು ಓದಲು ನೋಡಿ, ಕೊನೆಗೆ "ನೀನೇ ಹೇಳಪ್ಪ" ಎಂದರು. ಅವರಿಗೆ ಚಕ್ಕರ್ ಇಲ್ಲ, ಕಿವಿ ಚೆನ್ನಾಗಿದೆ. ಓದಲು ಸಮಯ ಬೇಕು, ಅಷ್ಟೇ.

ಎಲ್ಲಕ್ಕಿಂತ ಬೇಕಾದ ಮಾತನ್ನೇ ಎಲ್ಲಕ್ಕಿಂತ ಓಡುವ ಜಾಗದಲ್ಲಿ ಇಡುತ್ತಾರೆ. ಪರೀಕ್ಷೆ ಮುಂದಕ್ಕೆ ಹೋದದ್ದು, ಕೊನೆಯ ದಿನ, ಶುಲ್ಕ, ಎಲ್ಲ ಅಲ್ಲೇ. ಜನ ಆ ಪೇಜಿಗೆ ಬರುವುದೇ ಅದಕ್ಕೆ. ನಾನು ಅದನ್ನು ಸ್ಲೇಟಿನ ಮೇಲೆ ಬರೆದು ಬಾಗಿಲ ಹೊರಗೆ ಇಡುತ್ತೇನೆ. ಸ್ಲೇಟು ನಿಂತಿರುತ್ತದೆ, ಎಲ್ಲರೂ ಓದುತ್ತಾರೆ.

ಪುಣೆಯಿಂದ ಕಲಬುರಗಿಯವನು

ಈ ಮಾತು ನೂರಕ್ಕೆ ನೂರು. ಆ ಸಾಲಿಗೆ ಬಳಸುವ ಮಾರ್ಕೀ ಟ್ಯಾಗ್ ಅನ್ನು ಪೇಜ್ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ 5ರಲ್ಲಿ ಬಳಸಲೇಬೇಡಿ ಎಂದು ತೆಗೆದಿಟ್ಟಿದ್ದಾರೆ. ಬ್ರೌಸರ್‌ಗಳು ಇನ್ನೂ ಓಡಿಸುತ್ತವೆ, ಅದಕ್ಕೇ ನಮ್ಮಲ್ಲಿ ಉಳಿದಿದೆ. ಮಿನುಗುವ ಬ್ಲಿಂಕ್ ಟ್ಯಾಗ್ ಮಾತ್ರ ಹೋಯಿತು, 2013ರಲ್ಲಿ ಫೈರ್‌ಫಾಕ್ಸ್ ಅದನ್ನು ಕೈಬಿಟ್ಟಿತು.

ಟೀಚರ್ ಅಕ್ಕಾ, ವೆಬ್‌ಸೈಟ್‌ಗಳು ಸರಿಯಾಗುವವರೆಗೆ ಒಂದು ಉಪಾಯ. ಬ್ರೌಸರ್‌ನಲ್ಲಿ ರೀಡರ್ ಮೋಡ್ ಇದ್ದರೆ ಸುದ್ದಿ, ಲೇಖನಕ್ಕೆ ಅದನ್ನು ಹಾಕಿಕೊಳ್ಳಿ. ಎಲ್ಲ ಓಡಾಟ ಹೋಗಿ ಬರೀ ಅಕ್ಷರ ಉಳಿಯುತ್ತದೆ. ಅರ್ಜಿ ಫಾರಂಗೆ ಅದು ನಡೆಯುವುದಿಲ್ಲ. ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಿ ಅಬೌಟ್ ಕಾನ್ಫಿಗ್ ಪುಟಕ್ಕೆ ಹೋಗಿ ಇಮೇಜ್ ಆ್ಯನಿಮೇಷನ್ ಮೋಡ್ ಎಂಬುದಕ್ಕೆ ನನ್ ಎಂದು ಕೊಟ್ಟರೆ ತಾವಾಗಿಯೇ ಕುಣಿಯುವ ಜಿಫ್ ಚಿತ್ರಗಳೂ ನಿಲ್ಲುತ್ತವೆ. ಫೋನಿನ ಸೆಟ್ಟಿಂಗ್‌ಗೆ ಜಿಫ್ ಸಾಮಾನ್ಯವಾಗಿ ಜಗ್ಗುವುದಿಲ್ಲ, ಅದಕ್ಕೆ ಹೇಳಿದೆ.

ಬೀದರ್ ವೆಬ್

ನಾಲ್ಕು ದಿನ ಆಯಿತು, ವಾಪಸ್ ಬಂದೆ. ನಿಮ್ಮ ಮಾತು ತಲೆಯಿಂದ ಹೋಗಲಿಲ್ಲ. ನನ್ನ ಫೋನಿನಲ್ಲೂ ಆ ಸೆಟ್ಟಿಂಗ್ ಹಾಕಿ ನಾನೇ ಮಾಡಿದ ಒಂದು ಕಾಲೇಜಿನ ಪೇಜ್ ತೆರೆದೆ. ಏನೂ ನಿಲ್ಲಲಿಲ್ಲ. ಎಲ್ಲ ಓಡಿತು.

ಮೊದಲು ಸಿಎಸ್‌ಎಸ್‌ನಲ್ಲಿ ಷರತ್ತು ಬರೆದೆ. ಪಕ್ಕದಿಂದ ಹಾರಿ ಬರುವ ಡಬ್ಬಿಗಳು ನಿಂತವು. ಒಂದು ತಪ್ಪು ಮಾಡಿದ್ದೆ, ಡಬ್ಬಿಗಳು ಶುರುವಿಗೆ ಅಡಗಿರುತ್ತವೆ, ಚಲನೆ ತೆಗೆದರೆ ಅಡಗಿಯೇ ಉಳಿದವು. ಪೇಜ್ ಖಾಲಿ ಕಾಣಿಸಿತು. ಅದನ್ನು ಸರಿ ಮಾಡಿದೆ. ಫೋಟೋ ಸ್ಲೈಡರ್ ಮಾತ್ರ ಜಾವಾಸ್ಕ್ರಿಪ್ಟ್ ಎಂಬ ಬೇರೆ ಕೋಡ್‌ನಿಂದ ಓಡುತ್ತದೆ, ಅದಕ್ಕೆ ಸಿಎಸ್‌ಎಸ್ ಸಾಲಲಿಲ್ಲ. ಅಲ್ಲಿ ಮ್ಯಾಚ್ ಮೀಡಿಯಾ ಎಂಬ ಫಂಕ್ಷನ್‌ನಿಂದ ಕೇಳಿ, ಸೆಟ್ಟಿಂಗ್ ಇದ್ದರೆ ಓಡಿಸಬೇಡ ಎಂದು ಬರೆದೆ. ಹಿಂದಿನ ಕಟ್ಟಡದ ಚಿತ್ರವನ್ನು ಒಂದೇ ಕಡೆ ನಿಲ್ಲಿಸಿದೆ. ಮೆಲ್ಲಗೆ ಬಣ್ಣ ಬದಲಾಗುವುದನ್ನು ಹಾಗೇ ಬಿಟ್ಟೆ, ಕಿವಿ ವಿಭಾಗದ ಅಕ್ಕ ಹೇಳಿದಂತೆ ಜಾರುವುದು ಹಿಗ್ಗುವುದು ಮಾತ್ರ ತೆಗೆದೆ. ಸೆಟ್ಟಿಂಗ್ ಗೊತ್ತಿಲ್ಲದವರಿಗಾಗಿ ಫೋಟೋ ಕೆಳಗೆ "ನಿಲ್ಲಿಸಿ" ಎಂದು ಬಟನ್ ಇಟ್ಟೆ, ಕನ್ನಡದಲ್ಲೇ.

ಒಟ್ಟು ಒಂದು ಮಧ್ಯಾಹ್ನದ ಕೆಲಸ. ಸೆಟ್ಟಿಂಗ್ ಹಾಕದವರಿಗೆ ಫೋಟೋ ಮೊದಲಿನಂತೆಯೇ ಓಡುತ್ತದೆ, ಗಿರಾಕಿಗೂ ತಕರಾರು ಇಲ್ಲ. ಟೀಚರ್ ಅಕ್ಕನಿಗೆ ಲಿಂಕ್ ಬೇರೆಯಾಗಿ ಕಳಿಸಿದ್ದೇನೆ. ಆರಾಮಿದ್ದಾಗ ನೋಡಿ, ತೊಂದರೆ ಅನಿಸಿದರೆ ಕೂಡಲೇ ಮುಚ್ಚಿಬಿಡಿ.

ಗುರುಮಠಕಲ್ ಆನ್‌ಲೈನ್ ಸೆಂಟರ್

ಆ ಕೆಂಪು ಸಾಲು?

ಬೀದರ್ ವೆಬ್

ಅದು ಬೇಕೇ ಬೇಕು ಎಂದು ಪ್ರಿನ್ಸಿಪಾಲರು ಹಟ ಹಿಡಿದಿದ್ದರು. ನಿಮ್ಮ ಸ್ಲೇಟಿನ ಮಾತು ಹೇಳಿದೆ. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ಕೊನೆಯ ದಿನಾಂಕ ದಪ್ಪಕ್ಷರದಲ್ಲಿ ಮೇಲೆ ನಿಲ್ಲಿಸಿಬಿಡು" ಎಂದರು. ನಿಲ್ಲಿಸಿದೆ.

ಸೇಡಂ ರಸ್ತೆ ಟೀಚರ್

ಇವತ್ತು ಬೆಳಿಗ್ಗೆ ನೋಡಿದೆ ತಮ್ಮಾ. ಮೊದಲ ಪುಟದಿಂದ ಕೊನೆತನಕ ಸರಿಸಿದೆ, ಫಾರಂ ತೆರೆದು ಎರಡು ಕಾಲಂ ತುಂಬಿಯೂ ನೋಡಿದೆ. ಏನೂ ಆಗಲಿಲ್ಲ. ಎದ್ದು ಚಹಾ ಮಾಡಿಕೊಂಡು ಬಂದು ಮತ್ತೆ ಕೂತೆ, ಆಗಲೂ ಆಗಲಿಲ್ಲ. ಮಗಳನ್ನು ಕರೆದು ತೋರಿಸಿದೆ.

ಒಂದೇ ಒಂದು ಉಳಿದಿದೆ. ಕೆಳಗೆ ವಾರ್ಷಿಕೋತ್ಸವದ ಫೋಟೋ ಒತ್ತಿದರೆ ಅದು ಹಿಗ್ಗುತ್ತಾ ಮೈಮೇಲೆ ಬಂದಂತೆ ಆಗುತ್ತದೆ. ಕೂಡಲೇ ಮುಚ್ಚಿದೆ.

ಬೀದರ್ ವೆಬ್

ಅದು ಬೇರೆ ಫೈಲಿನಲ್ಲಿದೆ ಅಕ್ಕಾ, ಬಿಟ್ಟುಹೋಗಿದೆ. ರಾತ್ರಿ ಕೂತು ನೋಡುತ್ತೇನೆ.